ಸಾರ್ವಜನಿಕ ಸೇವೆಗಳ ಅಂತರ್ಜಾಲ ಅರ್ಜಿ ನಮೂನೆಗಳು: ಸಿ.ಎಸ್.ಎಸ್. ಚೌಕಟ್ಟಿನ ಆಯ್ಕೆ ಕುರಿತು ತಿಳಿವಳಿಕೆ

ಪೀಠಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳನ್ನು ಅಂತರ್ಜಾಲದ ಮೂಲಕ ಪಡೆಯುವುದು ಈಗ ರೂಢಿಯಲ್ಲಿದೆ. 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಆಗಿನ 177 ತಾಲ್ಲೂಕುಗಳ ಪಹಣಿಗಳು ಗಣಕೀಕೃತಗೊಂಡವು. 2012ರಲ್ಲಿ ಸಕಾಲ ಯೋಜನೆಯು ರಾಜ್ಯಾದ್ಯಂತ ಜಾರಿಗೆ ಬಂದಿತು. 2018ರಲ್ಲಿ ಸೇವಾ ಸಿಂಧು ಆರಂಭವಾಯಿತು. ಹಿಂದೆ ಕಚೇರಿಯ ಕಿಟಕಿಯಲ್ಲಿ ನಡೆಯುತ್ತಿದ್ದ ವ್ಯವಹಾರವು ಇಂದು ಬಹುಮಟ್ಟಿಗೆ ಮೊಬೈಲ್ ಫೋನಿನ ಪರದೆಯ ಮೇಲೆ ನಡೆಯುತ್ತಿದೆ.

ಪರದೆಯ ಮೇಲೆ ಅರ್ಜಿ ನಮೂನೆಯು ಯಾವ ರೂಪದಲ್ಲಿ ಕಾಣಬೇಕೆಂಬುದನ್ನು ನಿರ್ಧರಿಸುವ ನಿಯಮಾವಳಿಗೆ ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್, ಸಂಕ್ಷಿಪ್ತವಾಗಿ ಸಿ.ಎಸ್.ಎಸ್. ಎಂದು ಹೆಸರು. ಈ ನಿಯಮಗಳನ್ನು ಸಿದ್ಧಪಡಿಸಿ ಒಟ್ಟಾಗಿ ಒದಗಿಸುವ ಸಂಗ್ರಹವೇ ಸಿ.ಎಸ್.ಎಸ್. ಚೌಕಟ್ಟು. ಇದರ ಆಯ್ಕೆಯು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಅರ್ಜಿದಾರರ ಹೆಸರು ಪೂರ್ಣವಾಗಿ ಕಾಣುವುದೇ, ‘ಸಲ್ಲಿಸು’ ಗುಂಡಿಯು ಬೆರಳಿಗೆ ಎಟಕುವುದೇ, ಸ್ವೀಕೃತಿಯ ಸಂಖ್ಯೆಯು ಕಾಗದದ ಮೇಲೆ ಸರಿಯಾಗಿ ಮೂಡುವುದೇ ಎಂಬ ವಿಷಯಗಳು ಈ ಆಯ್ಕೆಯನ್ನು ಅವಲಂಬಿಸಿವೆ. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ.

1. ಸಿ.ಎಸ್.ಎಸ್. ಮತ್ತು ಚೌಕಟ್ಟುಗಳ ಹಿನ್ನೆಲೆ

ಸಿ.ಎಸ್.ಎಸ್. ಪರಿಕಲ್ಪನೆಯನ್ನು 1994ರ ಅಕ್ಟೋಬರ್‌ನಲ್ಲಿ ಹೋಕನ್ ವಿಯುಮ್ ಲೀ ಅವರು ಮಂಡಿಸಿದರು. 1996ರ ಡಿಸೆಂಬರ್‌ನಲ್ಲಿ ಇದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಮಾನ್ಯತೆ ಪಡೆಯಿತು. ಪುಟದಲ್ಲಿ ಏನಿದೆ ಎಂಬುದನ್ನು ಒಂದು ಕಡತದಲ್ಲಿಯೂ, ಅದು ಹೇಗೆ ಕಾಣಬೇಕು ಎಂಬುದನ್ನು ಮತ್ತೊಂದು ಕಡತದಲ್ಲಿಯೂ ಇರಿಸುವುದು ಇದರ ಮೂಲ ತತ್ವವಾಗಿದೆ.

ಆರಂಭದಲ್ಲಿ ಪ್ರತಿಯೊಂದು ಜಾಲತಾಣಕ್ಕೂ ಈ ನಿಯಮಗಳನ್ನು ಹೊಸದಾಗಿ ಬರೆಯಲಾಗುತ್ತಿತ್ತು. 2007ರಲ್ಲಿ ಬ್ಲೂಪ್ರಿಂಟ್, 2008ರಲ್ಲಿ 960 ಗ್ರಿಡ್ ಸಿಸ್ಟಂ ಮುಂತಾದ ಸಿದ್ಧ ಸಂಗ್ರಹಗಳು ಬಂದವು. 2011ರ ಆಗಸ್ಟ್‌ನಲ್ಲಿ ಟ್ವಿಟರ್ ಸಂಸ್ಥೆಯ ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ಅವರು ಬೂಟ್‌ಸ್ಟ್ರ್ಯಾಪ್ ಅನ್ನು ಬಿಡುಗಡೆ ಮಾಡಿದರು. 2013ರಲ್ಲಿ ಬಂದ ಅದರ 3ನೇ ಆವೃತ್ತಿಯು ಮೊದಲು ಮೊಬೈಲ್ ಪರದೆ, ಅನಂತರ ದೊಡ್ಡ ಪರದೆ ಎಂಬ ಕ್ರಮವನ್ನು ಅನುಸರಿಸಿತು. 2016ರಲ್ಲಿ ಬುಲ್ಮಾ, 2017ರಲ್ಲಿ ಟೈಲ್‌ವಿಂಡ್ ಬಂದವು. ಈ ಮೂರೂ ಚೌಕಟ್ಟುಗಳು ಮುಕ್ತ ಪರವಾನಗಿಯಡಿ ಉಚಿತವಾಗಿ ದೊರೆಯುತ್ತವೆ.

2. ಸರ್ಕಾರಿ ಜಾಲತಾಣಗಳಲ್ಲಿ ಆಯ್ಕೆಯ ಪ್ರಶ್ನೆ

ಎಲ್ಲ ಸರ್ಕಾರಿ ಜಾಲತಾಣಗಳಿಗೂ ಈ ಪ್ರಶ್ನೆ ಉದ್ಭವಿಸುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಅಧಿಕೃತ ಜಾಲತಾಣವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಎಸ್.3 ವಾಸ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಸೇವಾ ಸಿಂಧು ಅದೇ ಕೇಂದ್ರದ ಸರ್ವಿಸ್ ಪ್ಲಸ್ ವೇದಿಕೆಯನ್ನು ಆಧರಿಸಿದೆ. ಇಂತಹ ಸಾಮಾನ್ಯ ವೇದಿಕೆಗಳಲ್ಲಿ ವಿನ್ಯಾಸದ ಬಹುಭಾಗವು ಮೊದಲೇ ನಿಗದಿಯಾಗಿರುತ್ತದೆ. ಯಾವುದೇ ಇಲಾಖೆ, ನಗರ ಸ್ಥಳೀಯ ಸಂಸ್ಥೆ ಅಥವಾ ಶಿಕ್ಷಣ ಸಂಸ್ಥೆಯು ಪ್ರತ್ಯೇಕ ಸೇವೆಗಾಗಿ ಹೊಸ ಅನ್ವಯವನ್ನು ಸಿದ್ಧಪಡಿಸುವಾಗ ಮಾತ್ರ ಚೌಕಟ್ಟಿನ ಆಯ್ಕೆ ಅಗತ್ಯವಾಗುತ್ತದೆ.

ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಇದು ಇನ್ನಷ್ಟು ಮಹತ್ವದ್ದು. ಅರ್ಜಿ ಸಲ್ಲಿಸಿದಾಗ ನೀಡಲಾಗುವ ಸ್ವೀಕೃತಿಯಲ್ಲಿ 15 ಅಂಕಿ-ಅಕ್ಷರಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. ಅರ್ಜಿಯ ಸ್ಥಿತಿ ತಿಳಿಯಲು ಹಾಗೂ ಮೇಲ್ಮನವಿ ಸಲ್ಲಿಸಲು ಇದೇ ಆಧಾರ. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಪಡೆಯಲು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಲ್ಲಿ ಅವಕಾಶವಿದೆ. ಮುದ್ರಿತ ಸ್ವೀಕೃತಿಯಲ್ಲಿ ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಕಾಗದದ ಅಂಚಿನಲ್ಲಿ ತುಂಡಾದರೆ, ಅರ್ಜಿದಾರರು ಹಕ್ಕನ್ನು ಹೊಂದಿದ್ದರೂ ಅದನ್ನು ಕೇಳುವ ದಾಖಲೆ ಅವರ ಕೈಯಲ್ಲಿ ಇಲ್ಲದಂತಾಗುತ್ತದೆ.

3. ಪ್ರಮುಖ ಚೌಕಟ್ಟುಗಳ ಸ್ವರೂಪ

ಮನೆ ಕಟ್ಟುವವರು ಬಾಗಿಲು, ಕಿಟಕಿಗಳನ್ನು ಸಿದ್ಧವಾಗಿಯೇ ಕೊಳ್ಳಬಹುದು. ಇಲ್ಲವೇ ಅಳತೆಗೆ ಕೊಯ್ದ ಮರವನ್ನು ತಂದು ಬಡಗಿಯಿಂದ ತಮಗೆ ಬೇಕಾದಂತೆ ಮಾಡಿಸಬಹುದು. ಚೌಕಟ್ಟುಗಳಲ್ಲಿಯೂ ಇದೇ ಬಗೆಯ ವ್ಯತ್ಯಾಸವಿದೆ.

ಬೂಟ್‌ಸ್ಟ್ರ್ಯಾಪ್: ಇದು ಮೊದಲನೆಯ ಬಗೆಗೆ ಸೇರಿದುದು. ಗುಂಡಿ, ಕೋಷ್ಟಕ, ಅರ್ಜಿಯ ಅಂಕಣ, ಎಚ್ಚರಿಕೆಯ ಸಂದೇಶ ಮುಂತಾದವು ಸಿದ್ಧರೂಪದಲ್ಲಿ ದೊರೆಯುತ್ತವೆ. ಪುಟವನ್ನು 12 ಕಂಬಗಳಾಗಿ ವಿಭಾಗಿಸಿ, ಪರದೆಯ ಅಗಲಕ್ಕೆ ತಕ್ಕಂತೆ ಹೊಂದಿಸಲಾಗುತ್ತದೆ. 2021ರಲ್ಲಿ ಬಂದ 5ನೇ ಆವೃತ್ತಿಯು ಕ್ರೋಮ್ 60 ಹಾಗೂ ನಂತರದ ವೀಕ್ಷಕ ತಂತ್ರಾಂಶಗಳಲ್ಲಿ ಕಾರ್ಯನಿರ್ವಹಿಸುತ್ತದೆ. ಇದರ ಪೂರ್ಣ ಶೈಲಿ ಕಡತವು 200 ಕಿಲೋಬೈಟ್‌ಗೂ ಹೆಚ್ಚಿದ್ದರೂ, ಸಂಕುಚಿತಗೊಳಿಸಿ ಕಳುಹಿಸಿದಾಗ ಸುಮಾರು 30 ಕಿಲೋಬೈಟ್‌ಗೆ ಇಳಿಯುತ್ತದೆ.

ಟೈಲ್‌ವಿಂಡ್: ಇದು ಎರಡನೆಯ ಬಗೆಯದು. ಅಂತರ, ಬಣ್ಣ, ಅಗಲ ಮುಂತಾದ ಚಿಕ್ಕ ಚಿಕ್ಕ ನಿಯಮಗಳನ್ನು ಜೋಡಿಸಿ ವಿನ್ಯಾಸಕಾರರೇ ಪ್ರತಿ ಭಾಗವನ್ನು ರೂಪಿಸಬೇಕಾಗುತ್ತದೆ. ಬಳಸಿದ ನಿಯಮಗಳು ಮಾತ್ರ ಅಂತಿಮ ಕಡತದಲ್ಲಿ ಉಳಿಯುವುದರಿಂದ ಕಡತದ ಗಾತ್ರ ಚಿಕ್ಕದಾಗಿರುತ್ತದೆ. ಆದರೆ 2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿಗೆ ಕ್ರೋಮ್ 111, ಸಫಾರಿ 16.4 ಅಥವಾ ಫೈರ್‌ಫಾಕ್ಸ್ 128ರಷ್ಟು ಹೊಸ ತಂತ್ರಾಂಶ ಬೇಕು. ಕ್ರೋಮ್ 111 ಬಂದುದು 2023ರಲ್ಲಿ. ತಂತ್ರಾಂಶವನ್ನು ನವೀಕರಿಸಲಾಗದ ಹಳೆಯ ಫೋನುಗಳಲ್ಲಿ ಇಂತಹ ಪುಟವು ಅಸ್ತವ್ಯಸ್ತವಾಗಿ ಕಾಣುವ ಸಂಭವವಿದೆ. ಹಳೆಯ ತಂತ್ರಾಂಶಗಳಿಗೂ ಸೇವೆ ಒದಗಬೇಕಾದಲ್ಲಿ 3ನೇ ಆವೃತ್ತಿಯಲ್ಲಿಯೇ ಮುಂದುವರಿಯಬೇಕಾಗುತ್ತದೆ.

ಬುಲ್ಮಾ: ಇದೂ ಸಿದ್ಧ ಭಾಗಗಳನ್ನು ಒದಗಿಸುತ್ತದೆ. ಜಾವಾಸ್ಕ್ರಿಪ್ಟ್ ಇದರೊಂದಿಗೆ ಬರುವುದಿಲ್ಲ. ಆದುದರಿಂದ ತೆರೆದು ಮುಚ್ಚುವ ಪಟ್ಟಿಗಳಂತಹ ಚಲನೆಯುಳ್ಳ ಭಾಗಗಳನ್ನು ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ.

ಚೌಕಟ್ಟು ಇಲ್ಲದ ವಿಧಾನ: ಗ್ರಿಡ್ ಎಂಬ ಸೌಲಭ್ಯವು 2017ರಿಂದ ವೀಕ್ಷಕ ತಂತ್ರಾಂಶಗಳಲ್ಲಿಯೇ ಅಡಕವಾಗಿದೆ. ನಾಲ್ಕೈದು ಪುಟಗಳ ಸರಳ ಅರ್ಜಿ ನಮೂನೆಗೆ ಯಾವುದೇ ಚೌಕಟ್ಟನ್ನು ಬಳಸದೆ ನೇರವಾಗಿ ನಿಯಮಗಳನ್ನು ಬರೆಯುವುದು ಸಾಧ್ಯವಿದೆ.

4. ಕನ್ನಡ ಲಿಪಿಯ ದೃಷ್ಟಿಯಿಂದ ಪರಿಶೀಲನೆ

ಮೇಲ್ಕಂಡ ಮೂರು ಚೌಕಟ್ಟುಗಳೂ ರೋಮನ್ ಲಿಪಿಯ ಪುಟಗಳನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡವು. ಕನ್ನಡದಲ್ಲಿ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುತ್ತದೆ; ಅರ್ಕಾವತ್ತು ಮತ್ತು ದೀರ್ಘ ಚಿಹ್ನೆಗಳು ಬಲಕ್ಕೆ ಚಾಚುತ್ತವೆ. ಹೀಗಾಗಿ ಚೌಕಟ್ಟು ಕನ್ನಡಕ್ಕೆ ಹೊಂದುವುದೇ ಎಂಬುದನ್ನು ತಿಳಿಯಲು ಸ್ಥಳೀಯ ಹೆಸರುಗಳೇ ಉತ್ತಮ ಸಾಧನ. ಈ ಕೆಳಕಂಡ ಹೆಸರುಗಳನ್ನು ಪರೀಕ್ಷೆಗೆ ಬಳಸಬಹುದಾಗಿದೆ.

ಅ) ಹೊಳಲ್ಕೆರೆ, ಮತ್ತೋಡು, ತಾಳ್ಯ: ಇವುಗಳಲ್ಲಿ ಒತ್ತಕ್ಷರವು ಸಾಲಿನ ಕೆಳಗೆ ಬರುತ್ತದೆ. ಬೂಟ್‌ಸ್ಟ್ರ್ಯಾಪ್ ಶೀರ್ಷಿಕೆಗಳಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟು ಎಂದು ಇರಿಸಲಾಗಿದೆ. ಟೈಲ್‌ವಿಂಡ್‌ನ ಅತಿ ದೊಡ್ಡ ಅಕ್ಷರಗಳಲ್ಲಿ ಇದು 1 ಪಟ್ಟು ಮಾತ್ರ. ಶೀರ್ಷಿಕೆಯು ಎರಡು ಸಾಲುಗಳಿಗೆ ಹರಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಹೆಚ್ಚುವರಿ ಭಾಗವನ್ನು ಮರೆಮಾಡುವ ನಿಯಮವೂ ಜೊತೆಗಿದ್ದಲ್ಲಿ ಒತ್ತು ಕಾಣದೆ ಹೋಗಬಹುದು. ‘ಮತ್ತೋಡು’ ಎಂಬುದು ‘ಮತೋಡು’ ಎಂದು ಕಾಣುವುದು ಹೀಗೆಯೇ. ಕನ್ನಡ ಪುಟಗಳಲ್ಲಿ ಸಾಲಿನ ಎತ್ತರವನ್ನು 1.6ರಿಂದ 1.8 ಪಟ್ಟಿಗೆ ಹೆಚ್ಚಿಸುವುದು ಸೂಕ್ತ.

ಆ) ಚಿತ್ರದುರ್ಗ, ಹೊಸದುರ್ಗ, ಧರ್ಮಪುರ: ಅರ್ಕಾವತ್ತು ಪದದ ಅಗಲವನ್ನು ಹೆಚ್ಚಿಸುತ್ತದೆ. ‘ಚಿತ್ರದುರ್ಗ’ ಎಂಬುದು ಓದುವವರಿಗೆ 4 ಅಕ್ಷರಗಳ ಪದವಾದರೂ ಯೂನಿಕೋಡ್‌ನಲ್ಲಿ 10 ಸಂಕೇತಗಳಾಗಿ ದಾಖಲಾಗುತ್ತದೆ. ಅಂಕಣಕ್ಕೆ ಇಂತಿಷ್ಟೇ ಸಂಕೇತಗಳೆಂಬ ಮಿತಿಯನ್ನು ಇಂಗ್ಲಿಷ್ ಹೆಸರುಗಳ ಲೆಕ್ಕದಲ್ಲಿ ಹಾಕಿದ್ದಲ್ಲಿ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ.

ಇ) ಜವನಗೊಂಡನಹಳ್ಳಿ, ಹಿರೇಗುಂಟನೂರು: ಹೋಬಳಿಗಳ ಆಯ್ಕೆ ಪಟ್ಟಿಯಲ್ಲಿ ಇಂತಹ ಉದ್ದನೆಯ ಹೆಸರುಗಳು ಬರುತ್ತವೆ. ಮೊಬೈಲ್ ಪರದೆಯಲ್ಲಿ ಎರಡು ಅಂಕಣಗಳನ್ನು ಅಕ್ಕಪಕ್ಕ ಇರಿಸಿದರೆ ಹೆಸರಿನ ಅರ್ಧ ಭಾಗ ಮಾತ್ರ ಕಾಣುತ್ತದೆ. ಚಿಕ್ಕ ಪರದೆಯಲ್ಲಿ ಒಂದರ ಕೆಳಗೊಂದರಂತೆ ಅಂಕಣಗಳಿರುವುದು ಅವಶ್ಯಕ.

ಅಕ್ಷರ ವಿನ್ಯಾಸದ ವಿಷಯವೂ ಗಮನಾರ್ಹ. ಬೂಟ್‌ಸ್ಟ್ರ್ಯಾಪ್ ಸೂಚಿಸುವ ಫಾಂಟ್‌ಗಳ ಪಟ್ಟಿಯಲ್ಲಿ ಕನ್ನಡಕ್ಕೆಂದೇ ಇರುವ ಫಾಂಟ್ ಇಲ್ಲ. ಹೀಗಾಗಿ ವಿಂಡೋಸ್ ಗಣಕದಲ್ಲಿ ತುಂಗಾ ಅಥವಾ ನಿರ್ಮಲಾ, ಆಂಡ್ರಾಯ್ಡ್ ಫೋನಿನಲ್ಲಿ ನೋಟೋ ಸಾನ್ಸ್ ಕನ್ನಡ ಎಂಬಂತೆ ಆಯಾ ಸಾಧನವೇ ಫಾಂಟನ್ನು ಆರಿಸಿಕೊಳ್ಳುತ್ತದೆ ಮತ್ತು ಒಂದೇ ನಮೂನೆಯು ಬೇರೆ ಬೇರೆ ಅಳತೆಯಲ್ಲಿ ಕಾಣುತ್ತದೆ. ಕನ್ನಡ ಫಾಂಟನ್ನು ಸ್ಪಷ್ಟವಾಗಿ ಹೆಸರಿಸಿದಲ್ಲಿ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತ ವಿಧಾನದಲ್ಲಿರುವ ಪಠ್ಯವನ್ನು ಯಾವ ಚೌಕಟ್ಟೂ ಸರಿಪಡಿಸಲಾರದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಬಳಸಬೇಕು.

5. ಆಯ್ಕೆಗೆ ಪರಿಗಣಿಸಬೇಕಾದ ಇತರ ಅಂಶಗಳು

• ವಿಕಲಚೇತನರ ಬಳಕೆ: ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯ 2023ರ 3ನೇ ಆವೃತ್ತಿಯು ಎಲ್ಲರಿಗೂ ಬಳಸಲು ಸಾಧ್ಯವಾಗುವ ವಿನ್ಯಾಸಕ್ಕೆ ಒತ್ತು ನೀಡಿದೆ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಅಂತರ ಕನಿಷ್ಠ 4.5ಕ್ಕೆ 1ರಷ್ಟಿರಬೇಕು. ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಿದರೂ ನಮೂನೆ ಕೆಡಬಾರದು. ಪುಟದ ಭಾಷೆ ಕನ್ನಡವೆಂದು ದಾಖಲಿಸಿದಲ್ಲಿ ಮಾತ್ರ ದೃಷ್ಟಿಹೀನರು ಬಳಸುವ ಓದು ತಂತ್ರಾಂಶವು ಕನ್ನಡದ ಧ್ವನಿಯನ್ನು ಸರಿಯಾಗಿ ಆರಿಸಿಕೊಳ್ಳುತ್ತದೆ. ಚೌಕಟ್ಟು ಇದನ್ನು ತಾನಾಗಿಯೇ ಮಾಡುವುದಿಲ್ಲ.

• ಮುದ್ರಣ: ಸ್ವೀಕೃತಿ ಪತ್ರಕ್ಕೆ ಪ್ರತ್ಯೇಕ ಮುದ್ರಣ ನಿಯಮಗಳಿರಬೇಕು. ಬೂಟ್‌ಸ್ಟ್ರ್ಯಾಪ್ ಮತ್ತು ಟೈಲ್‌ವಿಂಡ್ ಎರಡರಲ್ಲಿಯೂ ಇದಕ್ಕೆ ಸೌಲಭ್ಯವಿದೆ. ಎ4 ಅಳತೆಯ ಕಾಗದದಲ್ಲಿ ನಿಜವಾಗಿ ಮುದ್ರಿಸಿ ನೋಡದ ಹೊರತು ಪರಿಶೀಲನೆ ಪೂರ್ಣವಾಗದು.

• ಸಂಪರ್ಕದ ವೇಗ: ಶೈಲಿ ಕಡತವನ್ನು ದೂರದ ಅನ್ಯ ಸರ್ವರ್‌ನಿಂದ ತರಿಸುವ ಬದಲು ಸೇವೆಯ ಸರ್ವರ್‌ನಲ್ಲಿಯೇ ಇರಿಸುವುದು ಕ್ಷೇಮ. ಅನ್ಯ ಸರ್ವರ್ ಸಿಗದಿದ್ದಲ್ಲಿ ನಮೂನೆಯು ರೂಪವಿಲ್ಲದೆ ತೆರೆದುಕೊಳ್ಳುತ್ತದೆ.

• ನಿರ್ವಹಣೆ: ಅನ್ವಯವನ್ನು ರೂಪಿಸಿದವರು ಬೇರೆಡೆಗೆ ಹೋದ ನಂತರವೂ ಅದನ್ನು ತಿದ್ದಬಲ್ಲವರು ಸ್ಥಳೀಯವಾಗಿ ದೊರೆಯಬೇಕು. ಬಹುಕಾಲದಿಂದ ಬಳಕೆಯಲ್ಲಿರುವ, ವಿವರಣೆಗಳು ಹೇರಳವಾಗಿ ಲಭ್ಯವಿರುವ ಚೌಕಟ್ಟಿಗೆ ಈ ದೃಷ್ಟಿಯಿಂದ ಅನುಕೂಲ ಹೆಚ್ಚು.

6. ಒಟ್ಟು ಅಭಿಪ್ರಾಯ

ತಾಲ್ಲೂಕು ಮಟ್ಟದ ಅರ್ಜಿ ಸೇವೆಗೆ, ಹಳೆಯ ಫೋನುಗಳ ಬಳಕೆ ಹಾಗೂ ನಿರ್ವಹಣೆಯನ್ನು ಗಮನಿಸಿದಲ್ಲಿ, ಬೂಟ್‌ಸ್ಟ್ರ್ಯಾಪ್‌ನ 5ನೇ ಆವೃತ್ತಿಯನ್ನು ಕನ್ನಡ ಫಾಂಟ್ ಮತ್ತು ಹೆಚ್ಚಿಸಿದ ಸಾಲಿನ ಎತ್ತರದೊಂದಿಗೆ ಬಳಸುವುದು ಅನುಕೂಲಕರ. ಅನುಭವವುಳ್ಳ ತಂಡವಿದ್ದು, ವಿಶಿಷ್ಟ ವಿನ್ಯಾಸದ ಅಗತ್ಯವಿದ್ದಲ್ಲಿ ಟೈಲ್‌ವಿಂಡ್ ಅನ್ನು ಪರಿಗಣಿಸಬಹುದು; ಆದರೆ ಬಳಕೆದಾರರ ಫೋನುಗಳ ಸ್ಥಿತಿಯನ್ನು ಮೊದಲು ಅರಿಯಬೇಕು. ಚಿಕ್ಕ ನಮೂನೆಗಳಿಗೆ ಚೌಕಟ್ಟಿನ ಅವಶ್ಯಕತೆಯೇ ಇಲ್ಲ. ಯಾವುದನ್ನು ಆರಿಸಿದರೂ ಹೊಳಲ್ಕೆರೆಯ ಅರ್ಜಿದಾರರ ಹೆಸರು ಹಳೆಯ ಫೋನಿನಲ್ಲಿ ಪೂರ್ಣವಾಗಿ ಕಾಣಬೇಕು, ಅವರ ಸ್ವೀಕೃತಿಯ ಸಂಖ್ಯೆ ಕಾಗದದಲ್ಲಿ ಪೂರ್ಣವಾಗಿ ಮೂಡಬೇಕು. ಇವೆರಡೂ ಆಗದ ಚೌಕಟ್ಟು ಎಷ್ಟೇ ಜನಪ್ರಿಯವಾಗಿದ್ದರೂ ಸಾರ್ವಜನಿಕ ಸೇವೆಗೆ ತಕ್ಕುದಲ್ಲ.

7. ಅರ್ಜಿದಾರರ ಗಮನಕ್ಕೆ

1) ಅರ್ಜಿ ಸಲ್ಲಿಸುವ ಮೊದಲು ಹೆಸರು, ಗ್ರಾಮ ಮತ್ತು ಹೋಬಳಿ ಪೂರ್ಣವಾಗಿ, ಒತ್ತಕ್ಷರ ಸಹಿತ ಕಾಣುತ್ತಿವೆಯೇ ಎಂದು ಪರಿಶೀಲಿಸುವುದು. ಅಂಕಣವು ಕಿರಿದಾಗಿ ಕಂಡಲ್ಲಿ ಫೋನನ್ನು ಅಡ್ಡಲಾಗಿ ಹಿಡಿದು ನೋಡುವುದು.

2) ಪುಟವು ಬಣ್ಣ, ಗೆರೆಗಳಿಲ್ಲದೆ ಬರಿಯ ಅಕ್ಷರಗಳಾಗಿ ತೆರೆದುಕೊಂಡಲ್ಲಿ ಶೈಲಿ ಕಡತ ತಲುಪಿಲ್ಲವೆಂದು ತಿಳಿಯುವುದು. ಮಾಹಿತಿ ತುಂಬುವ ಮೊದಲಾದರೆ ಪುಟವನ್ನು ಮತ್ತೊಮ್ಮೆ ತೆರೆಯಬಹುದು. ಶುಲ್ಕ ಪಾವತಿ ನಡೆಯುತ್ತಿರುವಾಗ ಹೀಗೆ ಮಾಡಬಾರದು.

3) ‘ಸಲ್ಲಿಸು’ ಗುಂಡಿಯು ಕಾಣದಿದ್ದಲ್ಲಿ ಅಕ್ಷರಗಳ ಗಾತ್ರವನ್ನು ಸಾಮಾನ್ಯ ಸ್ಥಿತಿಗೆ ತಂದು ನೋಡುವುದು ಅಥವಾ ಫೋನಿನ ವೀಕ್ಷಕ ತಂತ್ರಾಂಶವನ್ನು ನವೀಕರಿಸುವುದು. ಅದರಿಂದಲೂ ಸರಿಹೋಗದಿದ್ದಲ್ಲಿ ಹೋಬಳಿಯ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದ ಮೂಲಕ ಅರ್ಜಿ ಸಲ್ಲಿಸುವುದು.

4) ಮುದ್ರಿತ ಸ್ವೀಕೃತಿಯಲ್ಲಿ ಸಂಖ್ಯೆಯ ಎಲ್ಲ ಅಂಕಿ-ಅಕ್ಷರಗಳೂ ಇವೆಯೇ ಎಂದು ಕೇಂದ್ರವನ್ನು ಬಿಡುವ ಮೊದಲೇ ಎಣಿಸಿ ನೋಡುವುದು. ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು.

5) ನಮೂನೆಯ ನ್ಯೂನತೆಯನ್ನು ಸಂಬಂಧಿಸಿದ ಕಚೇರಿಯ ಗಮನಕ್ಕೆ ತರುವಾಗ ಸೇವೆಯ ಹೆಸರು, ದಿನಾಂಕ, ಫೋನಿನ ಮಾದರಿ ಮತ್ತು ವೀಕ್ಷಕ ತಂತ್ರಾಂಶದ ಹೆಸರನ್ನು ನಮೂದಿಸುವುದು. ಪರದೆಯ ಚಿತ್ರವನ್ನು ಲಗತ್ತಿಸುವಾಗ ಆಧಾರ್ ಸಂಖ್ಯೆಯನ್ನು ಮರೆಮಾಡುವುದು.

ನಿರ್ದಿಷ್ಟ ವಿವರಗಳುಳ್ಳ ಇಂತಹ ದೂರುಗಳಿಂದ ನ್ಯೂನತೆಯನ್ನು ಗುರುತಿಸಿ ಸರಿಪಡಿಸುವುದು ಸುಲಭವಾಗುತ್ತದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.