ಅಜ್ಜಿಯ ಚಿನ್ನದ ವಾಚಿಗೆ ವಯಸ್ಸೆಷ್ಟು?

ಮಗಳಿಗೆ ಓಲೆ ಮಾಡಿಸೋಣವೆಂದು ಬೀರುವಿನಲ್ಲಿದ್ದ ಹಳೇ ಚಿನ್ನವನ್ನೆಲ್ಲ ಗಂಟು ಕಟ್ಟಿದ್ದೆ. ಅದರಲ್ಲಿ ಅತ್ತೆಯ ತಾಯಿಯ ಪುಟ್ಟ ಸ್ವಿಸ್ ಕೈಗಡಿಯಾರವೂ ಇತ್ತು. 'ಮೆಷಿನ್ ತೆಗೆದು ಕೇಸ್ ಮಾತ್ರ ತೂಕಕ್ಕೆ ಹಾಕ್ತೀವಿ ಮೇಡಂ' ಎಂದರು ಅಂಗಡಿಯವರು. ಅತ್ತೆಯ ಮುಖ ಸಪ್ಪಗಾಯಿತು. 'ನಮ್ಮಮ್ಮನ ಮದುವೇಲಿ ತಾತ ಹೊಸದಾಗಿ ತಂದುಕೊಟ್ಟಿದ್ದು, 1955ರಲ್ಲಿ' ಎಂದರು. ನಾದಿನಿಯದು ಬೇರೆ ವರಸೆ: 'ಇಲ್ಲಮ್ಮ, ಅದು ನೀನು ಹುಟ್ಟಿದ ಮೇಲೆ ಕೊಂಡಿದ್ದು.' ಸರಿ, ವಾಚನ್ನೇ ಕೇಳೋಣ ಎಂದು ಬಡಾವಣೆಯ ಹಳೇ ರಿಪೇರಿಯವರ ಹತ್ತಿರ ಒಯ್ದೆವು.

ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಮೊದಲು ಹಿಂದಿನ ಮುಚ್ಚಳ ತೆಗೆಸಿ. ಚಾಕು ಹಾಕಿ ನೀವೇ ಮೀಟಬೇಡಿ. ಒಳಗೆ 0.750 ಎಂದಿದ್ದರೆ 18 ಕ್ಯಾರೆಟ್, 0.585 ಎಂದಿದ್ದರೆ 14. '20 ಮೈಕ್ರಾನ್' ಎಂದಿದ್ದರೆ ಬರೀ ಚಿನ್ನದ ಲೇಪ. ಹೆಂಗಸಿನ ಪುಟ್ಟ ತಲೆಯ ಮುದ್ರೆ ಸ್ವಿಟ್ಜರ್ಲೆಂಡಿನ 18 ಕ್ಯಾರೆಟ್ ಗುರುತು. 1995ರಲ್ಲಿ ಅದರ ಜಾಗಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಬ್ರಿಟನ್ನಿನ ಮುದ್ರೆಯಾದರೆ ಇನ್ನೂ ಸಲೀಸು, ಅಲ್ಲಿ ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದರು. ಅದಕ್ಕೇ ಫಳಫಳ ಹೊಳೆಯಲೆಂದು ಪಾಲಿಶ್ ಮಾಡಿಸಬೇಡಿ, ಮುದ್ರೆ ಸವೆದುಹೋಗುತ್ತದೆ. '17 ಜ್ಯುವೆಲ್ಸ್' ಎಂದು ಓದಿ ಹಿಗ್ಗುವುದೂ ಬೇಡ. ಅವು ಯಂತ್ರ ಸವೆಯದಿರಲು ಹಾಕುವ ಕೃತಕ ಮಾಣಿಕ್ಯದ ಚೂರುಗಳು.

ಡಯಲ್ಲಿನ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಹಚ್ಚಿದ್ದರೆ ಕೆರೆಯಲೇಬೇಡಿ. 1960ರ ದಶಕದವರೆಗೂ ಅದರಲ್ಲಿ ರೇಡಿಯಂ ಬಳಸುತ್ತಿದ್ದರು. ಹೊಳಪು ಹೋದರೂ ವಿಕಿರಣ ಹೋಗಿರುವುದಿಲ್ಲ.

ಒಮೆಗಾ ವಾಚಾದರೆ ಮೆಷಿನ್ನಿನ ಸಂಖ್ಯೆಯಿಂದ, ರೋಲೆಕ್ಸ್ ಆದರೆ ಕೇಸಿನ ಸಂಖ್ಯೆಯಿಂದ ವರ್ಷ ಅಂದಾಜು ಮಾಡುತ್ತಾರೆ. ನಮ್ಮದರಲ್ಲಿ ಕಂಪನಿಯ ಹೆಸರೇ ಅಳಿಸಿತ್ತು. ಆದರೆ ಮೆಷಿನ್ ಮೇಲೆ 'ಇಂಕಾಬ್ಲಾಕ್' ಎಂದಿತ್ತು. ಕೆಳಗೆ ಬಿದ್ದಾಗ ಏಟು ತಡೆಯುವ ಈ ಏರ್ಪಾಡು ಬಂದಿದ್ದು 1930ರ ದಶಕದಲ್ಲಿ. ಅದಕ್ಕಿಂತ ಹಳೆಯದಲ್ಲ ಎಂದಾಯಿತು.

ಆಮೇಲೆ ರಿಪೇರಿಯವರು ಭೂತಗನ್ನಡಿ ಕೊಟ್ಟು ಮುಚ್ಚಳದ ಒಳಮೈ ತೋರಿಸಿದರು. ಸೂಜಿಯಲ್ಲಿ ಗೀಚಿದ ಹಾಗೆ '7-51'. 'ರಿಪೇರಿ ಮಾಡ್ದೋರು ಹಾಕ್ಕೊಳ್ಳೋ ಗುರುತಮ್ಮ. 51ನೇ ಇಸವಿ ಜುಲೈ' ಎಂದರು. ಮದುವೆಗೆ ನಾಲ್ಕು ವರ್ಷ ಮೊದಲೇ ಈ ವಾಚು ಕೆಟ್ಟು ರಿಪೇರಿಯಾಗಿತ್ತು! ಅಮ್ಮ-ಮಗಳು ಇಬ್ಬರೂ ಸೋತರು.

ಮನೆಗೆ ಬಂದವರೇ ಅತ್ತೆ ಟ್ರಂಕಿನಿಂದ ಹಳೇ ಫೋಟೋ ತೆಗೆದರು. ಕುರ್ಚಿಯಲ್ಲಿ ಕೂತ ಅವರ ಅಜ್ಜಿಯ ಎಡಗೈಯಲ್ಲಿ, ಬಳೆಗಳ ಹಿಂದೆ, ಕಪ್ಪು ಪಟ್ಟಿಯ ಪುಟ್ಟ ವಾಚು. 'ತಾತ ತಂದಿದ್ದಲ್ಲ ಕಣೇ, ಅಜ್ಜಿ ತನ್ನ ಕೈಯಿಂದ ಬಿಚ್ಚಿ ಕೊಟ್ಟಿದ್ದು' ಎಂದು ಕಣ್ಣೊರೆಸಿಕೊಂಡರು. ಅದೇ ವಾಚು ಎಂದು ನಾನು ಆಣೆ ಮಾಡಲಾರೆ, ಫೋಟೋ ಅಷ್ಟು ಸ್ಪಷ್ಟವಿಲ್ಲ. ಓಲೆಗೆ ಮಾತ್ರ ನನ್ನದೊಂದು ಹಳೇ ಬಳೆ ಕೊಟ್ಟೆ.