ಕ್ಷಯಚಿಕಿತ್ಸೆಯಲ್ಲಿ ಔಷಧಸೇವನೆಯ ಕ್ರಮ

ಒಂದು ಔಷಧವು ರೋಗವನ್ನು ಗುಣಪಡಿಸಬಲ್ಲುದೆ ಎಂಬುದು ಒಂದು ಪ್ರಶ್ನೆ. ರೋಗಿಯು ಅದನ್ನು ಕಡೆಯವರೆಗೂ ಸರಿಯಾಗಿ ಸೇವಿಸುವನೆ ಎಂಬುದು ಮತ್ತೊಂದು. ಈ ಎರಡರ ನಡುವಣ ಅಂತರವು ಕ್ಷಯರೋಗದ ಚಿಕಿತ್ಸೆಯಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ. ಆದುದರಿಂದ ಔಷಧಗಳ ಸುರಕ್ಷಿತ ಸೇವನೆಯ ವಿಷಯವನ್ನು ನಾವು ಇಲ್ಲಿ ಈ ಒಂದು ರೋಗದ ನಿದರ್ಶನದಿಂದ ವಿವೇಚಿಸುತ್ತೇವೆ.

೧೮೮೨ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಗುರುತಿಸಿದ ಮೇಲೂ ಸುಮಾರು ಆರು ದಶಕಗಳ ಕಾಲ ಅದನ್ನು ಕೊಲ್ಲುವ ಔಷಧ ದೊರೆಯಲಿಲ್ಲ. ೧೯೪೩ರಲ್ಲಿ ಸ್ಟ್ರೆಪ್ಟೋಮೈಸಿನ್ ದೊರೆಯಿತು. ಆದರೆ ಅದೊಂದನ್ನೇ ಕೊಟ್ಟಾಗ ಅನೇಕ ರೋಗಿಗಳಲ್ಲಿ ರೋಗಾಣುಗಳು ಔಷಧಕ್ಕೆ ಬಗ್ಗದಂತಾದುವೆಂಬುದು ೧೯೪೮ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಿಂದ ತಿಳಿದುಬಂದಿತು. ಇದರ ಕಾರಣ ಸರಳವಾದುದು. ಕೋಟ್ಯಂತರ ರೋಗಾಣುಗಳಲ್ಲಿ ಕೆಲವು ಮೊದಲಿನಿಂದಲೇ ಆ ಔಷಧವನ್ನು ಎದುರಿಸುವ ಶಕ್ತಿಯುಳ್ಳವಾಗಿರುತ್ತವೆ. ಉಳಿದುವು ಸತ್ತ ಮೇಲೆ ಇವು ಬೆಳೆದು ಹರಡುತ್ತವೆ. ಹಲವು ಔಷಧಗಳನ್ನು ಕೂಡಿಸಿ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕುತ್ತದೆ. ೧೯೫೨ರಲ್ಲಿ ಐಸೋನಿಯಾಜಿಡ್ ಬಳಕೆಗೆ ಬಂದುದು ಈ ಕ್ರಮಕ್ಕೆ ಬಲವಿತ್ತಿತು.

೧೯೫೬ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವು, ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದಬಲ್ಲರೆಂದು ತೋರಿಸಿತು. ಅದರ ಫಲಿತಾಂಶ ೧೯೫೯ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ದೇಶಕ್ಕೆಲ್ಲ ಒಪ್ಪುವ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿತು. ಚಿಕಿತ್ಸೆಯು ಹೀಗೆ ಬಡವರ ಮನೆಬಾಗಿಲಿಗೆ ಬಂದಿತು. ಆದರೆ ದಾದಿಯ ಕೈಯಲ್ಲಿದ್ದ ಹೊಣೆಯು ರೋಗಿಯ ಹಾಗೂ ಅವನ ಮನೆಯವರ ಹೆಗಲಿಗೂ ಏರಿತು.

ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯಕ್ಕೆ ಇಂದು ಭಾರತದಲ್ಲಿ ಕೊಡುವ ಚಿಕಿತ್ಸೆಯ ಅವಧಿ ಸಾಧಾರಣವಾಗಿ ೬ ತಿಂಗಳು. ಮೊದಲ ೨ ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳು. ಬಳಿಕ ೪ ತಿಂಗಳು ಪೈರಜಿನಮೈಡನ್ನು ಬಿಟ್ಟು ಉಳಿದ ಮೂರು. ಗುಳಿಗೆಗಳ ಸಂಖ್ಯೆಯನ್ನು ರೋಗಿಯ ತೂಕ ನೋಡಿ ನಿಶ್ಚಯಿಸುತ್ತಾರೆ. ಕೆಲವು ವಾರಗಳಲ್ಲಿಯೇ ಕೆಮ್ಮು ಇಳಿದು ಹಸಿವು ಮರಳುತ್ತದೆ. ಅಪಾಯದ ಕಾಲವೂ ಅದೇ. ರೋಗ ಹೋಯಿತೆಂದು ಭಾವಿಸಿ ಔಷಧವನ್ನು ನಿಲ್ಲಿಸಿದರೆ, ನಿಧಾನವಾಗಿ ಸಾಯುವ ಅಳಿದುಳಿದ ರೋಗಾಣುಗಳಿಂದ ರೋಗವು ಮತ್ತೆ ತಲೆಯೆತ್ತಬಹುದು.

ಔಷಧವನ್ನು ಬಿಡುವುದಕ್ಕೆ ಇನ್ನೊಂದು ಕಾರಣ ಅದರ ಅಡ್ಡಪರಿಣಾಮಗಳ ಭಯ. ಇವುಗಳಲ್ಲಿ ನಿರುಪದ್ರವಿಯಾದುವನ್ನೂ ಅಪಾಯಕಾರಿಯಾದುವನ್ನೂ ಬೇರೆಬೇರೆಯಾಗಿ ಅರಿಯುವುದು ಅವಶ್ಯಕ. ರಿಫಾಂಪಿಸಿನ್ನಿನಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆಗೆಂಪಾಗುತ್ತವೆ. ಇದು ರಕ್ತವಲ್ಲ, ಔಷಧದ ಬಣ್ಣ. ಮೊದಲೇ ತಿಳಿಸಿದ್ದರೆ ರೋಗಿಯು ಹೆದರುವುದಿಲ್ಲ. ಈ ಔಷಧವನ್ನು ಬರಿ ಹೊಟ್ಟೆಯಲ್ಲಿ ಸೇವಿಸುವುದು ಉತ್ತಮ. ಓಕರಿಕೆ ಹೆಚ್ಚಾದರೆ ವೈದ್ಯರನ್ನು ಕೇಳಿ ಲಘು ಆಹಾರದೊಡನೆ ಸೇವಿಸಬಹುದು. ಪೈರಜಿನಮೈಡ್ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುವುದರಿಂದ ಕೀಲುನೋವು ಬರಬಹುದು. ವೈದ್ಯರು ಸೂಚಿಸಿದ ನೋವುಶಾಮಕದಿಂದ ಅದು ಸಾಮಾನ್ಯವಾಗಿ ಶಮನವಾಗುತ್ತದೆ. ಐಸೋನಿಯಾಜಿಡ್ ಬಿ-೬ ಜೀವಸತ್ತ್ವದ ಕಾರ್ಯಕ್ಕೆ ಅಡ್ಡಿಯಾಗುವುದರಿಂದ ಕೈಕಾಲುಗಳು ಜೋಮು ಹಿಡಿದು ಉರಿಯಬಹುದು. ಮಧುಮೇಹಿಗಳು, ಗರ್ಭಿಣಿಯರು, ಅಪೌಷ್ಟಿಕತೆಯುಳ್ಳವರು, ಮದ್ಯಪಾನಿಗಳು ಇದಕ್ಕೆ ಹೆಚ್ಚಾಗಿ ಈಡಾಗುತ್ತಾರೆ. ಆ ಜೀವಸತ್ತ್ವದ ಗುಳಿಗೆಯೇ ಇದಕ್ಕೆ ಪರಿಹಾರ.

ಇನ್ನು ತಡಮಾಡಬಾರದ ಲಕ್ಷಣಗಳು. ಕಣ್ಣಾಗಲಿ ಚರ್ಮವಾಗಲಿ ಹಳದಿಯಾಗುವುದು, ಬಿಡದ ವಾಂತಿ, ಊಟ ಪೂರ್ಣವಾಗಿ ಸೇರದಿರುವುದು ಯಕೃತ್ತಿಗೆ ಧಕ್ಕೆಯಾಗಿರುವುದನ್ನು ಸೂಚಿಸಬಹುದು. ದೃಷ್ಟಿ ಮಂಜಾಗುವುದು, ಕೆಂಪು ಹಸುರುಗಳ ಭೇದ ತಿಳಿಯದಿರುವುದು ಎಥಾಂಬುಟಾಲಿನಿಂದ ದೃಷ್ಟಿನರಕ್ಕೆ ಆದ ಹಾನಿಯಿರಬಹುದು. ಇಂಥ ಲಕ್ಷಣಗಳು ಕಂಡ ಕೂಡಲೇ ಮುಂದಿನ ಗುಳಿಗೆಯನ್ನು ತಡೆದು, ಅದೇ ದಿನ ವೈದ್ಯರನ್ನು ಕಾಣಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ಮತ್ತೆ ಆರಂಭಿಸಬೇಕು ಎಂಬುದು ಅವರ ನಿರ್ಣಯ. ರೋಗಿಯು ತಾನಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಮುಂದುವರಿಸಿದರೆ, ಹಿಂದೆ ಒಂದೇ ಔಷಧದಿಂದ ಆದ ಅನರ್ಥವು ಮರುಕಳಿಸುತ್ತದೆ.

ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಗುಳಿಗೆಗಳು, ವಾರ್ಫರಿನ್, ಮಧುಮೇಹದ ಕೆಲವು ಔಷಧಗಳು ಇವುಗಳ ಶಕ್ತಿ ಕುಂದುತ್ತದೆ. ಆದುದರಿಂದ ತಾನು ಸೇವಿಸುವ ಎಲ್ಲ ಔಷಧಗಳನ್ನೂ, ನಾಟಿಮದ್ದನ್ನು ಸಹ, ರೋಗಿಯು ವೈದ್ಯರಿಗೆ ತಿಳಿಸತಕ್ಕದ್ದು. ಮದ್ಯವನ್ನು ಸಂಪೂರ್ಣವಾಗಿ ವರ್ಜಿಸಬೇಕು. ಒಂದು ದಿನದ ಗುಳಿಗೆ ತಪ್ಪಿದರೆ ಮರುದಿನ ಇಮ್ಮಡಿ ಸೇವಿಸಬಾರದು.

ನಮ್ಮ ಕಾಲೇಜುಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಈ ಚಿಕಿತ್ಸೆಯಲ್ಲಿರುವ ತರುಣರು ಇರಬಹುದು. ರೋಗವನ್ನು ಬಚ್ಚಿಡಬೇಕಾದವನು ಗುಳಿಗೆಯನ್ನೂ ಬಚ್ಚಿಡುತ್ತಾನೆ. ಬಚ್ಚಿಟ್ಟ ಗುಳಿಗೆ ಬಲು ಬೇಗ ಮರೆತುಹೋಗುತ್ತದೆ. ಅವನು ಸಂಕೋಚವಿಲ್ಲದೆ ಎಲ್ಲರೆದುರು ಗುಳಿಗೆ ನುಂಗುವಂಥ ವಾತಾವರಣವನ್ನು ಕಲ್ಪಿಸುವುದು ಅಧ್ಯಾಪಕರಿಗೂ ಸಹಪಾಠಿಗಳಿಗೂ ಸಾಧ್ಯವಾದ ಕೆಲಸ. ಚಿಕಿತ್ಸೆಯ ಯಶಸ್ಸಿನಲ್ಲಿ ಅದರ ಪಾಲು ಸಣ್ಣದಲ್ಲವೆಂದು ನಾವು ಭಾವಿಸುತ್ತೇವೆ.