ಬಾಕಿ ತೀರಿದ ಮೇಲೂ ಬೀಗವೇಕೆ?

ಅಡಿಕೆ ಈಡಿಟ್ಟು ಸಾಲ ಪಡೆದವರು ಬಾಕಿ ತೀರಿಸಿದೊಡನೆ ಮಾಲು ಬಿಡಿಸಿಕೊಳ್ಳುವುದು ನಾವೆಲ್ಲ ಬಲ್ಲ ಪದ್ಧತಿ. ಬಾಕಿ ತೀರಿದ ಮೇಲೂ ಗೋದಾಮಿನ ಬೀಗ ತೆಗೆಯೆವೆಂದರೆ ಯಾರೂ ಒಪ್ಪಲಾರರು. ಅಮೆರಿಕದ ಮೊಬೈಲ್ ಗ್ರಾಹಕರು ಎತ್ತಿದ ಪ್ರಶ್ನೆಯೂ ಇಂಥದೇ.

ಅಲ್ಲಿನ ದೂರವಾಣಿ ಕಂಪನಿಗಳು ದುಬಾರಿ ಸ್ಮಾರ್ಟ್‌ಫೋನನ್ನು ಕಡಿಮೆ ಬೆಲೆಗೆ ಕೊಟ್ಟು, ಸಾಮಾನ್ಯವಾಗಿ ಎರಡು ವರ್ಷಗಳ ಕರಾರಿನ ಮಾಸಿಕ ಶುಲ್ಕದಲ್ಲಿ ಆ ಹಣ ವಸೂಲು ಮಾಡುತ್ತಿದ್ದವು. ಬೇರೆ ಕಂಪನಿಯ ಸಿಮ್ ನಡೆಯದಂತೆ ಫೋನಿನ ತಂತ್ರಾಂಶಕ್ಕೇ ಬೀಗ ಹಾಕುತ್ತಿದ್ದವು. ಇದನ್ನು ತೆಗೆಯಲು ಕೃತಿಸ್ವಾಮ್ಯ ಕಾನೂನಿನಡಿ 2006ರಿಂದ ವಿನಾಯಿತಿಯಿತ್ತು. 2013ರ ಜನವರಿ 26ರ ನಂತರ ಕೊಂಡ ಫೋನುಗಳಿಗೆ ಅದು ತಪ್ಪಿತು. ಕರಾರು ಮುಗಿದಿದ್ದರೂ ಕಂಪನಿಯ ಅನುಮತಿಯಿಲ್ಲದೆ ಬೀಗ ತೆಗೆಯುವುದು ಕಾನೂನುಬಾಹಿರವಾಯಿತು.

1,14,000ಕ್ಕೂ ಹೆಚ್ಚು ಮಂದಿ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮಾ ಹೊಸ ಕಾಯಿದೆಗೆ ಸಹಿ ಹಾಕಿದ ಮೇಲೆ ಹಕ್ಕು ಮರಳಿತು. ಆದರೆ ಕಂಪನಿಯೇ ಬೀಗ ತೆಗೆದುಕೊಡಬೇಕೆಂದು ಆ ಕಾಯಿದೆ ಕಡ್ಡಾಯಪಡಿಸಲಿಲ್ಲ. ಕೆನಡಾ 2017ರ ಡಿಸೆಂಬರ್ 1ರಿಂದ ಬೀಗ ತೆಗೆಯುವ ಶುಲ್ಕವನ್ನೇ ನಿಷೇಧಿಸಿತು. ಬ್ರಿಟನ್ 2021ರ ಡಿಸೆಂಬರಿನಿಂದ ಬೀಗ ಹಾಕಿದ ಫೋನಿನ ಮಾರಾಟವನ್ನೇ ನಿಲ್ಲಿಸಿತು.

ರಿಯಾಯಿತಿ ಕೊಟ್ಟ ಕಂಪನಿ ತನ್ನ ಹಣ ವಸೂಲು ಮಾಡುವುದು ನ್ಯಾಯವೇ. ಅದಕ್ಕೆ ಕರಾರುಪತ್ರವಿದೆ. ಬಾಕಿ ತೀರಿದ ಬಳಿಕ ವಸ್ತು ಕೊಂಡವನದು ಎಂಬುದೇ ನಮ್ಮ ಅಭಿಪ್ರಾಯ.

ಪರದೇಶದಲ್ಲಿರುವ ಮಕ್ಕಳಿಂದ ಫೋನು ತರಿಸುವ ಸದಸ್ಯರು ಬೆಲೆಯ ಜೊತೆಗೆ ಎರಡು ಮಾತು ಕೇಳಿಕೊಳ್ಳುವುದು ಒಳ್ಳೆಯದು: ಕಂತು ಬಾಕಿಯಿದೆಯೇ? ಬೀಗ ತೆಗೆದಿದೆಯೇ? ಬೀಗವಿದ್ದರೆ ಇಲ್ಲಿನ ಸಿಮ್ ಅದರಲ್ಲಿ ನಡೆಯದು.